ಮುಳ್ಳಿನ ಗಿಡ ಸವರಲು ಯಾವ ಗ್ಲೌಸ್? ಐದು ಜೊತೆ ಹಾಕಿ ನೋಡಿದ ಮೇಲೆ ಬರೆದದ್ದು

ಆರ್ಗಾನ್ ಗ್ಲೌಸ್ ತಗೊಳ್ಳಿ, ಆರ್ಗಾನ್ ವೆಲ್ಡಿಂಗ್ ಮಾಡುವವರು ಹಾಕುವ ಮೆದು ಚರ್ಮದ ಗ್ಲೌಸ್. ಅವಸರದಲ್ಲಿ ಇರುವವರಿಗೆ ಇಷ್ಟು ಸಾಕು. ವೆಲ್ಡಿಂಗ್ ಸಾಮಾನು ಮಾರುವ ಅಂಗಡಿಯಲ್ಲಿ ಇದೇ ಹೆಸರು ಹೇಳಿ ಕೇಳಿದರೆ ಕೊಡುತ್ತಾರೆ. ಮೇಕೆ ಚರ್ಮದ್ದಾಗಿರಲಿ, ಮಣಿಕಟ್ಟು ದಾಟಿ ಉದ್ದ ಇರಲಿ, ನಿಮ್ಮ ಕೈ ಅಳತೆಯದ್ದೇ ಆಗಿರಲಿ. ನಾನು ಕೊಟ್ಟಿದ್ದು 280 ರೂಪಾಯಿ.

ಯಾಕೆ ಅದೇ ಅಂತ ಕೇಳುವವರಿಗೆ ಉಳಿದದ್ದನ್ನು ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಇದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು, ನಡುವೆ ಎಡಗೈ ತೋರುಬೆರಳಿಗೆ ಒಂದು ಚಿಕ್ಕ ಆಪರೇಷನ್ ಕೂಡ ಆಯಿತು.

ನಮ್ಮ ಮನೆಯ ಗೇಟಿನ ಮೇಲೆ ಒಂದು ಬೋಗನ್‌ವಿಲ್ಲಾ ಇದೆ. ಅತ್ತೆ ನೆಟ್ಟಿದ್ದು, ಅವರು ಕಾಗದದ ಹೂ ಅಂತಲೇ ಕರೆಯುತ್ತಿದ್ದರು. ಬೇಸಿಗೆಯಲ್ಲಿ ಎಲೆ ಕಾಣದಷ್ಟು ಗುಲಾಬಿ ಬಣ್ಣ. ಹೂ ಮುಗಿದು ಮಳೆ ಶುರುವಾಗುವ ಹೊತ್ತಿಗೆ ಅದನ್ನು ಸವರಲೇಬೇಕು, ಇಲ್ಲದಿದ್ದರೆ ಕೊಂಬೆಗಳು ರಸ್ತೆಗೆ ಇಳಿದು ನಡೆದು ಹೋಗುವವರ ಕಣ್ಣಿನ ಮಟ್ಟಕ್ಕೆ ಬರುತ್ತವೆ. ಹಿತ್ತಲಲ್ಲಿ ಒಂದು ನಿಂಬೆ ಗಿಡ, ಲಾಲ್‌ಬಾಗ್ ಹತ್ತಿರ ಸಿದ್ದಾಪುರದ ನರ್ಸರಿಯಿಂದ ತಂದದ್ದು. ಮಹಡಿ ಮೇಲೆ ಹನ್ನೊಂದು ಕುಂಡ ಗುಲಾಬಿ. ಅಂದರೆ ಮೂರು ಥರದ ಮುಳ್ಳು, ಮತ್ತು ಈ ಮೂರೂ ಒಂದೇ ರೀತಿ ಚುಚ್ಚುವುದಿಲ್ಲ. ಗ್ಲೌಸ್ ಆರಿಸುವಾಗ ನಾನು ಗಮನಿಸದೇ ಹೋದದ್ದು ಇದನ್ನೇ.

ಗುಲಾಬಿ ಮುಳ್ಳು ಕೊಂಬೆಯ ಸಿಪ್ಪೆಯ ಮೇಲೆ ಬೆಳೆದದ್ದು. ಹೆಬ್ಬೆರಳಿಂದ ಪಕ್ಕಕ್ಕೆ ಒತ್ತಿದರೆ ಟಕ್ ಅಂತ ಉದುರುತ್ತದೆ. ಅದರ ತುದಿ ಕೆಳಕ್ಕೆ ಬಾಗಿರುವುದರಿಂದ ಕೈ ಒಳಗೆ ಹಾಕುವಾಗ ಸುಮ್ಮನಿದ್ದು ಹೊರಗೆ ಎಳೆಯುವಾಗ ಕೊಕ್ಕೆಯಂತೆ ಹಿಡಿದು ಗೀರುತ್ತದೆ. ಬೋಗನ್‌ವಿಲ್ಲಾ ಮತ್ತು ನಿಂಬೆಯ ಮುಳ್ಳು ಹಾಗಲ್ಲ. ಅದು ಎಲೆಯ ಸಂದಿನಲ್ಲಿ ಬರುವ ಒಂದು ಪುಟ್ಟ ಕೊಂಬೆಯೇ, ಒಳಗಿನ ಕಟ್ಟಿಗೆಯಿಂದಲೇ ಹೊರಟಿರುತ್ತದೆ. ಒತ್ತಿದರೆ ಉದುರುವುದಿಲ್ಲ. ನೇರವಾಗಿ ದಬ್ಬಣದಂತೆ ಒಳಗೆ ಇಳಿಯುತ್ತದೆ, ಕೆಲವು ಸಲ ತುದಿ ಒಳಗೇ ಮುರಿದು ಉಳಿಯುತ್ತದೆ. ಗುಲಾಬಿಯಿಂದ ಮೊಣಕೈವರೆಗೆ ಗೀರು ಬೀಳುತ್ತದೆ, ನಿಂಬೆಯಿಂದ ಬೆರಳಿಗೆ ತೂತು ಬೀಳುತ್ತದೆ. ಒಂದಕ್ಕೆ ಗ್ಲೌಸಿನ ಉದ್ದ ಮುಖ್ಯ, ಇನ್ನೊಂದಕ್ಕೆ ಬೆರಳ ತುದಿಯ ದಪ್ಪ ಮುಖ್ಯ.

ಮೊದಲನೇ ಜೊತೆ ನರ್ಸರಿಯಲ್ಲೇ ಸಿಕ್ಕಿದ್ದು. ಹತ್ತಿ ನೂಲಿನ ಗ್ಲೌಸ್, ಅಂಗೈಗೆ ಮಾತ್ರ ರಬ್ಬರ್ ಅದ್ದಿದ್ದು, 70 ರೂಪಾಯಿ. ಕಳೆ ಕೀಳಲು, ಮಣ್ಣು ಕಲಸಲು, ಗೊಬ್ಬರ ಹಾಕಲು ಇವತ್ತಿಗೂ ಅದನ್ನೇ ಹಾಕುತ್ತೇನೆ, ಆ ಕೆಲಸಕ್ಕೆ ಚೆನ್ನಾಗಿದೆ. ಮುಳ್ಳಿಗೆ ಬೇಡ. ಅಂಗೈ ರಬ್ಬರಿನ ಮೇಲೂ ನಿಂಬೆ ಮುಳ್ಳು ಇಳಿಯುತ್ತದೆ, ಮೇಲುಗೈ ಅಂತೂ ಪೂರ್ತಿ ಬರೀ ನೂಲು. ಕೊಂಬೆಗಳ ನಡುವೆ ಕೈ ತೂರಿಸುವಾಗ ಮೊದಲು ಮುಳ್ಳು ತಾಗುವುದು ಮೇಲುಗೈಗೇ ಅಲ್ವಾ? ಅಂಗೈಗೆ ಅಲ್ಲ. ಇದನ್ನು ಯಾವ ಪ್ಯಾಕೆಟ್ಟಿನ ಮೇಲೂ ಬರೆದಿರುವುದಿಲ್ಲ. ಬೆರಳ ತುದಿಗೆ ಪ್ಲಾಸ್ಟಿಕ್ ಉಗುರು ಅಂಟಿಸಿದ ಗ್ಲೌಸ್ ಕೂಡ ಆನ್‌ಲೈನಿನಲ್ಲಿ ತುಂಬ ಕಾಣುತ್ತದೆ. ಅದು ಮಣ್ಣು ಕೆದಕಲು, ಮುಳ್ಳಿನ ಕೆಲಸಕ್ಕೆ ಅದರಿಂದ ಏನೂ ಉಪಯೋಗ ಇಲ್ಲ.

ಎರಡನೇ ಜೊತೆಯ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ನನ್ನ ಹಾಗೆಯೇ ಎಷ್ಟೋ ಜನ ಅದನ್ನೇ ತರಿಸುತ್ತಿದ್ದಾರೆ. ಆನ್‌ಲೈನಿನಲ್ಲಿ "ಕಟ್ ರೆಸಿಸ್ಟೆಂಟ್, ಲೆವೆಲ್ 5" ಅಂತ ಬರುತ್ತದಲ್ಲ, ಬೂದು ಬಣ್ಣದ ಹೆಣಿಗೆಯ ಗ್ಲೌಸ್, ಅದು. ಚಿತ್ರದಲ್ಲಿ ಚಾಕು ಹಿಡಿದು ಗ್ಲೌಸ್ ಮೇಲೆ ಉಜ್ಜುತ್ತಾರೆ, ಏನೂ ಆಗುವುದಿಲ್ಲ. ಚಾಕುವಿಗೇ ಜಗ್ಗದ್ದು ಮುಳ್ಳಿಗೆ ಜಗ್ಗುತ್ತದೆಯೇ ಅಂದುಕೊಂಡೆ. 240 ರೂಪಾಯಿ ಕೊಟ್ಟು ತರಿಸಿದೆ. ಕೈಗೆ ಹಗುರ, ಬೆವರು ಕಡಿಮೆ, ಸೆಕೇಟರ್, ಅಂದರೆ ಗಿಡ ಸವರುವ ಕತ್ತರಿ, ಹಿಡಿಯಲು ಸಲೀಸು. ಜೂನ್ ಮೊದಲ ವಾರ ಅದನ್ನೇ ಹಾಕಿಕೊಂಡು ಬೋಗನ್‌ವಿಲ್ಲಾ ಸವರಲು ನಿಂತೆ. ಹತ್ತು ನಿಮಿಷ ಆಗಿರಬಹುದು. ದಪ್ಪ ಕೊಂಬೆಯೊಂದನ್ನು ಎಡಗೈಯಲ್ಲಿ ಹಿಡಿದು ಕತ್ತರಿಸಿದೆ, ಕೊಂಬೆ ತನ್ನ ಭಾರಕ್ಕೆ ತಿರುಗಿತು, ಒಂದು ಮುಳ್ಳು ತೋರುಬೆರಳಿನ ನಡುಗೆಣ್ಣಿಗೆ ಸೀದಾ ಇಳಿಯಿತು.

ಆ ಗ್ಲೌಸಿಗೆ ತೂತೂ ಬಿದ್ದಿರಲಿಲ್ಲ. ನೂಲು ಪಕ್ಕಕ್ಕೆ ಸರಿದು ಮುಳ್ಳಿಗೆ ದಾರಿ ಬಿಟ್ಟಿತ್ತು, ಎಳೆದ ಮೇಲೆ ಮತ್ತೆ ಕೂಡಿಕೊಂಡಿತ್ತು.

ನೂಲು ಗಟ್ಟಿ ಇರುವುದು ನಿಜ. ಎಚ್‌ಪಿಪಿಇ ಅನ್ನುವ ಪ್ಲಾಸ್ಟಿಕ್ ಎಳೆ ಅದು, ಕತ್ತಿಯ ಅಲಗು ಅಡ್ಡಕ್ಕೆ ಬಂದಾಗ ನೂರಾರು ಎಳೆಗಳು ಒಟ್ಟಿಗೆ ತಡೆಯುತ್ತವೆ. ಆದರೆ ಹೆಣಿಗೆ ಅಂದಮೇಲೆ ಕಣ್ಣು ಇರುತ್ತದೆ. ಸ್ವೆಟರ್ ಒಳಗೆ ಕಡ್ಡಿ ತೂರಿಸಿದ ಹಾಗೆ ಮುಳ್ಳು ಕಣ್ಣಿನ ಮೂಲಕ ಹೋಗುತ್ತದೆ, ಎಳೆಯನ್ನು ಕತ್ತರಿಸುವ ಅಗತ್ಯವೇ ಅದಕ್ಕೆ ಇಲ್ಲ. ಅಡುಗೆ ಮನೆಯಲ್ಲಿ ತುರಿಯುವ ಮಣೆ ಹಿಡಿಯುವವರಿಗೆ, ಗಾಜಿನ ಕೆಲಸದವರಿಗೆ, ತಗಡು ಕತ್ತರಿಸುವವರಿಗೆ ಅದು ಒಳ್ಳೆಯ ಗ್ಲೌಸ್. ಮುಳ್ಳಿನ ಗಿಡದ ಚಿತ್ರ ಹಾಕಿ ಅದನ್ನು ಮಾರುವುದು ತಪ್ಪು, ನನಗೆ ಅದರ ಬಗ್ಗೆ ಇವತ್ತಿಗೂ ಸಿಟ್ಟಿದೆ.

ಆಮೇಲೆ ಆ ನಂಬರುಗಳ ಬಗ್ಗೆ ಓದಿಕೊಂಡೆ. ಒಳ್ಳೆಯ ಗ್ಲೌಸ್‌ಗಳ ಹಿಂಬದಿಯಲ್ಲಿ ಸುತ್ತಿಗೆಯ ಚಿತ್ರ ಇರುವ ಒಂದು ಗುರುತು, ಅದರ ಪಕ್ಕ ಇಎನ್ 388 ಅಂತ, ಕೆಳಗೆ 4543 ಅಂತಲೋ 4X43D ಅಂತಲೋ ಅಂಕಿಗಳು ಇರುತ್ತವೆ. ಇದು ಯುರೋಪಿನ ಅಳತೆ. ಮೊದಲನೇ ಅಂಕಿ ಉಜ್ಜುವಿಕೆಗೆ, ಎರಡನೆಯದು ಅಲಗಿನ ಕಡಿತಕ್ಕೆ, ಮೂರನೆಯದು ಹರಿಯುವುದಕ್ಕೆ, ನಾಲ್ಕನೆಯದು ಚುಚ್ಚುವುದಕ್ಕೆ. 2016ರಿಂದ ಕಡಿತಕ್ಕೆ ಇನ್ನೊಂದು ಪರೀಕ್ಷೆ ಸೇರಿ ಕೊನೆಗೆ ಎ ಇಂದ ಎಫ್‌ವರೆಗೆ ಒಂದು ಅಕ್ಷರ ಬರುತ್ತದೆ. ಎಕ್ಸ್ ಇದ್ದರೆ ಆ ಪರೀಕ್ಷೆ ಮಾಡಿಲ್ಲ ಎಂದು ಅರ್ಥ. ಜಾಹೀರಾತಿನಲ್ಲಿ ದೊಡ್ಡದಾಗಿ ಕೂಗುವ "ಲೆವೆಲ್ 5" ಎರಡನೇ ಅಂಕಿ. ನಮಗೆ ಬೇಕಾದದ್ದು ನಾಲ್ಕನೆಯದು, ಅದು 4ರವರೆಗೆ ಮಾತ್ರ ಹೋಗುತ್ತದೆ.

ಹಾಗಾದರೆ ನಾಲ್ಕನೇ ಅಂಕಿ 4 ಇರುವುದನ್ನು ಹುಡುಕಿದರೆ ಮುಗಿಯಿತಾ? ಅಲ್ಲೂ ಒಂದು ತೊಡಕು ಇದೆ. ಆ ಪರೀಕ್ಷೆಯಲ್ಲಿ ಚುಚ್ಚುವುದು ನಾಲ್ಕೂವರೆ ಮಿಲಿಮೀಟರ್ ದಪ್ಪದ ಉಕ್ಕಿನ ಕಡ್ಡಿಯಿಂದ, ಅದರ ತುದಿ ಸೂಜಿಯಂತಿರದೆ ಸ್ವಲ್ಪ ಗುಂಡಗೆ ಇರುತ್ತದೆ. 150 ನ್ಯೂಟನ್ ಬಲ ತಡೆದರೆ 4 ಕೊಡುತ್ತಾರೆ, ಅಂದರೆ ಹೆಚ್ಚುಕಡಿಮೆ 15 ಕೆಜಿ ಭಾರ. ದೊಡ್ಡ ಮೊಳೆಗೆ ಈ ಲೆಕ್ಕ ಹೊಂದಬಹುದು. ನಿಂಬೆ ಮುಳ್ಳಿನ ತುದಿ ಎಷ್ಟು ಸಣ್ಣ ಅಂತ ಬೆರಳಿಗೆ ಗೊತ್ತು. ಸಣ್ಣ ತುದಿ ಕಡಿಮೆ ಬಲದಲ್ಲೇ ತೂರುತ್ತದೆ. ಇಂಜೆಕ್ಷನ್ ಸೂಜಿಯಿಂದಲೇ ಚುಚ್ಚಿ ನೋಡುವ ಬೇರೆ ಪರೀಕ್ಷೆಯನ್ನು ಅಮೆರಿಕದವರು ಮಾಡುತ್ತಾರೆ, ಆಸ್ಪತ್ರೆ ಕಸ ಎತ್ತುವವರಿಗೆ, ಪೊಲೀಸರಿಗೆ ಮಾಡುವ ಗ್ಲೌಸ್‌ಗಳಿಗೆ. ಮುಳ್ಳಿಗೆ ಹತ್ತಿರದ್ದು ಅದೇ. ಆದರೆ ನಾನು ಅಲೆದ ಯಾವ ಅಂಗಡಿಯಲ್ಲೂ ಆ ಅಂಕಿ ಇರುವ ಗ್ಲೌಸ್ ಕಾಣಲಿಲ್ಲ. ಹಾಗಾಗಿ ನಂಬರನ್ನು ನೋಡಿ, ನಂಬಿ ಕೂರಬೇಡಿ.

ಬೆರಳಿನ ಕಥೆ ಮುಗಿಸಿಬಿಡುತ್ತೇನೆ. ಮುಳ್ಳು ಎಳೆದೆ, ತೊಳೆದೆ, ಅರಿಸಿನ ಹಚ್ಚಿದೆ, ಮರೆತೆ. ಎರಡು ವಾರ ಆದರೂ ಗೆಣ್ಣಿನ ಊತ ಇಳಿಯಲಿಲ್ಲ, ಬೆರಳು ಪೂರ್ತಿ ಮಡಚಲು ಆಗುತ್ತಿರಲಿಲ್ಲ. ಎಕ್ಸ್‌ರೇ ತೆಗೆಸಿದರೆ ಏನೂ ಕಾಣಲಿಲ್ಲ. ಗಿಡದ ಚೂರು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಂತೆ, ಅಲ್ಟ್ರಾಸೌಂಡ್‌ನಲ್ಲಿ ಕಂಡಿತು. ಗೆಣ್ಣಿನ ಪಕ್ಕ ಅಕ್ಕಿ ನುಚ್ಚಿನಷ್ಟು ಒಂದು ಚೂರು. ಅದನ್ನು ತೆಗೆಸಿದ ಮೇಲೆಯೇ ಬೆರಳು ಸರಿಹೋದದ್ದು. ಡಾಕ್ಟರು ಇನ್ನೆರಡು ಮಾತು ಹೇಳಿದರು. ಒಂದು, ಧನುರ್ವಾಯು ಇಂಜೆಕ್ಷನ್ ಹತ್ತು ವರ್ಷಕ್ಕೊಮ್ಮೆ ತಗೊಂಡಿರಬೇಕು, ಅದರ ರೋಗಾಣು ಮಣ್ಣಿನಲ್ಲೇ ಇರುತ್ತದೆ. ಇನ್ನೊಂದು, ಮುಳ್ಳು ಚುಚ್ಚಿದ ಕಡೆ ಕೆಲವು ವಾರ ಬಿಟ್ಟು ನೋವಿಲ್ಲದ ಗಂಟು ಎದ್ದು, ಕೈ ಉದ್ದಕ್ಕೂ ಸಾಲಾಗಿ ಇನ್ನಷ್ಟು ಗಂಟು ಬಂದರೆ ಅದು ಸ್ಪೋರೋತ್ರಿಕೋಸಿಸ್ ಎನ್ನುವ ಬೂಷ್ಟಿನ ಸೋಂಕು ಇರಬಹುದು, ಗುಲಾಬಿ ತೋಟದವರ ಕಾಯಿಲೆ ಅಂತಲೇ ಅದಕ್ಕೆ ಹೆಸರಿದೆ. ಗೆಣ್ಣಿನ ಮೇಲೆ ಚುಚ್ಚಿ ಊತ ಉಳಿದರೆ ದಯವಿಟ್ಟು ಕಾಯಬೇಡಿ.

ಅಲ್ಲಿಂದ ಮುಂದೆ ನಾನು ಗ್ಲೌಸ್ ಕೊಳ್ಳುವ ರೀತಿಯೇ ಬದಲಾಯಿತು. ಆನ್‌ಲೈನ್ ಬಿಟ್ಟೆ. ಒಂದು ಶನಿವಾರ ನಮ್ಮದೇ ನಿಂಬೆ ಗಿಡದ ನಾಲ್ಕು ಮುಳ್ಳನ್ನು ಪೇಪರಿನಲ್ಲಿ ಸುತ್ತಿಕೊಂಡು ಎಸ್‌ಜೆಪಿ ರೋಡಿಗೆ ಹೋದೆ. ಬೆಂಗಳೂರಿನವರಿಗೆ ಹೇಳಬೇಕಿಲ್ಲ, ಟೌನ್‌ಹಾಲ್ ಕಡೆಯಿಂದ ಮಾರ್ಕೆಟ್ ಕಡೆಗೆ ಹಾರ್ಡ್‌ವೇರ್, ಮೋಟರ್, ಪಂಪು, ಟೂಲ್ಸ್ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡಿರುವ ರಸ್ತೆ. ಸೇಫ್ಟಿ ಶೂ, ಹೆಲ್ಮೆಟ್ ನೇತುಹಾಕಿರುವ ಅಂಗಡಿಗಳಲ್ಲಿ ಗ್ಲೌಸ್ ರಾಶಿ ಇರುತ್ತದೆ. ಮೂರು ಅಂಗಡಿ ತಿರುಗಿದೆ. ಮೊದಲ ಎರಡರಲ್ಲಿ ಪ್ಯಾಕೆಟ್ ತೆರೆಯಲು ಬಿಡಲಿಲ್ಲ. ಮೂರನೆಯದರಲ್ಲಿ ವಯಸ್ಸಾದ ಯಜಮಾನರು ಕೂತಿದ್ದರು.

"ಏನ್ ಕೆಲ್ಸಕ್ಕಮ್ಮ?" ಅಂದರು.

"ಬೋಗನ್‌ವಿಲ್ಲಾ ಕತ್ತರಿಸೋಕೆ. ಮುಳ್ಳು ಒಳಗೆ ಬರಬಾರದು. ಆದ್ರೆ ಕತ್ತರಿ ಹಿಡಿಯೋಕೂ ಆಗ್ಬೇಕು."

ಪೇಪರ್ ಬಿಚ್ಚಿ ಮುಳ್ಳು ತೋರಿಸಿದೆ. ಅವರು ಒಂದನ್ನು ಎತ್ತಿಕೊಂಡು ತುದಿ ಮುಟ್ಟಿ ನೋಡಿದರು. ಮೊದಲು ತೆಗೆದುಕೊಟ್ಟಿದ್ದು ಮಾಮೂಲಿ ವೆಲ್ಡಿಂಗ್ ಗ್ಲೌಸ್, ಬೂದು ಬಣ್ಣದ್ದು, 14 ಇಂಚು ಉದ್ದ, ಒಳಗೆ ಬಟ್ಟೆ. ನಾನು ಅದನ್ನೂ ತಗೊಂಡೆ, 220 ರೂಪಾಯಿ, ಅದೇ ನನ್ನ ಮೂರನೇ ಜೊತೆ. ಆಮೇಲೆ ಅವರೇ ಒಳಗಿಂದ ಇನ್ನೊಂದು ತಂದರು. "ಇದು ಆರ್ಗಾನ್ ಗ್ಲೌಸ್. ಆರ್ಗಾನ್ ವೆಲ್ಡಿಂಗ್ ಮಾಡೋರು ಸಣ್ ಕಡ್ಡಿ ಹಿಡೀಬೇಕಲ್ಲ, ಅವರಿಗೆ ಮಾಡಿರೋದು. ಬೆರಳು ಚೆನ್ನಾಗಿ ಆಡುತ್ತೆ, ಹಾಕ್ ನೋಡಿ." ಒಂದು ಹಳೇ ಸ್ಯಾಂಪಲ್ ಕೊಟ್ಟು, ಮುಳ್ಳು ಚುಚ್ಚಿ ನೋಡಿ ಅಂತಲೂ ಹೇಳಿದರು. ಚುಚ್ಚಿದೆ. ಮಾಮೂಲಿ ಒತ್ತಡಕ್ಕೆ ಇಳಿಯಲಿಲ್ಲ. ಜೋರಾಗಿ ಒತ್ತಿದಾಗ ಮುಳ್ಳೇ ಬಾಗಿತು. ಬೆರಳ ಸಂದಿನ ಹೊಲಿಗೆಯ ಮೇಲೆ ಒತ್ತಿದಾಗ ಮಾತ್ರ ತುದಿ ಸ್ವಲ್ಪ ಇಣುಕಿತು.

ಆ ಎರಡು ಗ್ಲೌಸಿಗೂ ಚರ್ಮವೇ. ವ್ಯತ್ಯಾಸ ಚರ್ಮದ ಯಾವ ಪದರ ಅನ್ನುವುದರಲ್ಲಿ ಇದೆ. ದನದ ಚರ್ಮ ದಪ್ಪ, ಅದನ್ನು ಸೀಳಿ ಪದರ ಮಾಡುತ್ತಾರೆ. ಮೇಲಿನ ಪದರ ನುಣುಪು, ಎಳೆಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಕೆಳಗಿನ ಪದರ ಎರಡೂ ಕಡೆ ಜುಂಗು ಜುಂಗಾಗಿ ಇರುತ್ತದೆ, ಅಂಗಡಿಯವರು ಸ್ಪ್ಲಿಟ್ ಅನ್ನುತ್ತಾರೆ. ಮಾಮೂಲಿ ವೆಲ್ಡಿಂಗ್ ಗ್ಲೌಸ್ ಮಾಡುವುದು ಇದರಿಂದ. ಎಳೆ ಸಡಿಲ, ಆದ್ದರಿಂದ ದಪ್ಪ ಇಟ್ಟೇ ತಡೆಯಬೇಕು. ಮೇಕೆ ಚರ್ಮ ತೆಳುವಾಗಿದ್ದರೂ ಎಳೆಗಳು ಬಿಗಿ, ಕೈಗೆ ಮೆದುವಾಗಿಯೂ ಇರುತ್ತದೆ. ಆರ್ಗಾನ್ ಗ್ಲೌಸ್ ಕುರಿ ಚರ್ಮದಲ್ಲೂ ಬರುತ್ತದೆ, ಕೈಗೆ ಇನ್ನೂ ಮೆದು, ಆದರೆ ಕುರಿ ಚರ್ಮ ಬೇಗ ಹರಿಯುತ್ತದೆ. ಮೇಕೆಯದ್ದೇ ಕೇಳಿ. ನುಣುಪು ಭಾಗ ಹೊರಗೆ ಇರಬೇಕು. ಬೆರಳ ತುದಿಯಲ್ಲಿ ಹೊಲಿಗೆ ಎಲ್ಲಿ ಬಂದಿದೆ ಅಂತ ತಿರುಗಿಸಿ ನೋಡಿ, ನೀವು ಒತ್ತಿ ಹಿಡಿಯುವ ಜಾಗದ ಮೇಲೆಯೇ ಹೊಲಿಗೆ ಇದ್ದರೆ ಬೇರೆ ಜೊತೆ ಕೇಳಿ.

ಈಗ ಅಳತೆ. ನನ್ನ ಪ್ರಕಾರ ಚರ್ಮದಷ್ಟೇ ಮುಖ್ಯ ಇದು, ಮತ್ತು ಹೆಂಗಸರಿಗೆ ನಮ್ಮ ಅಂಗಡಿಗಳಲ್ಲಿ ದೊಡ್ಡ ತೊಂದರೆ ಇದೇ. ಹೊಲಿಯುವ ಟೇಪನ್ನು ಬಲಗೈ ಗೆಣ್ಣುಗಳ ಮೇಲೆ, ಹೆಬ್ಬೆರಳು ಬಿಟ್ಟು, ಸುತ್ತ ಹಿಡಿಯಿರಿ. ಎಷ್ಟು ಇಂಚು ಬರುತ್ತದೋ ಹೆಚ್ಚುಕಡಿಮೆ ಅದೇ ನಿಮ್ಮ ಸೈಜ್. 7 ಇಂಚು ಅಂದರೆ 7, ಅದು ಸುಮಾರು 178 ಮಿಲಿಮೀಟರ್. 9 ಅಂದರೆ 229. ನನ್ನದು 7. ಕಾರ್ಖಾನೆಗೆ ಹೋಗುವ ಗ್ಲೌಸ್ ಹೆಚ್ಚಾಗಿ 9, 10ರಲ್ಲೇ ಬರುತ್ತದೆ, ಮೇಲೆ "ಫ್ರೀ ಸೈಜ್" ಅಂತ ಬರೆದಿರುತ್ತಾರೆ. 7ರ ಕೈಗೆ 10ರ ಗ್ಲೌಸ್ ಹಾಕಿದರೆ ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ ಚರ್ಮ ಉಳಿಯುತ್ತದೆ. ಆ ಖಾಲಿ ತುದಿ ಸೆಕೇಟರಿನ ಬಾಯಿಗೆ ಸಿಗುತ್ತದೆ. ಹಿಡಿತ ಸಡಿಲ ಆದಷ್ಟೂ ನಾವು ಜಾಸ್ತಿ ಬಿಗಿ ಹಿಡಿಯುತ್ತೇವೆ, ಬಿಗಿ ಹಿಡಿದಷ್ಟೂ ಮುಳ್ಳು ಆಳಕ್ಕೆ ಹೋಗುತ್ತದೆ, ಅರ್ಧ ಗಂಟೆಗೆ ಕೈ ಸೋತು ಗ್ಲೌಸ್ ಕಳಚಿಟ್ಟು ಬರಿಗೈಯಲ್ಲಿ ಮುಗಿಸಿಬಿಡೋಣ ಅನ್ನಿಸುತ್ತದೆ. ಗಾಯ ಆಗುವುದು ಆಗಲೇ. ಯಜಮಾನರ ಹತ್ತಿರ 8 ಇತ್ತು, 7 ಇರಲಿಲ್ಲ. 8 ತಗೊಂಡು ಒಳಗೆ ತೆಳು ಹತ್ತಿ ಗ್ಲೌಸ್ ಹಾಕಿಕೊಂಡೆ, ಸರಿಯಾಗಿ ಕೂತಿತು. ಬೆವರನ್ನೂ ಹತ್ತಿಯೇ ಹೀರುತ್ತದೆ. ಕಾರ್ಖಾನೆ ಗ್ಲೌಸಿನ ಚರ್ಮವನ್ನು ಸಾಮಾನ್ಯವಾಗಿ ಕ್ರೋಮಿಯಂ ಹಾಕಿ ಹದ ಮಾಡಿರುತ್ತಾರೆ, ಬೆವರಿದ ಕೈಗೆ ಕೆಲವರಿಗೆ ಅದರಿಂದ ತುರಿಕೆ ಬರುತ್ತದೆ. ಒಳಗಿನ ಹತ್ತಿ ಅದಕ್ಕೂ ಒಳ್ಳೆಯದು.

ಕೆಲಸದಲ್ಲಿ ಹೇಗಿದೆ? ಒಂದು ವರ್ಷದ ಮೇಲೆ ಆಯಿತು. ಬೋಗನ್‌ವಿಲ್ಲಾ ಎರಡು ಸಲ ಪೂರ್ತಿ ಸವರಿದ್ದೇನೆ, ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಗುಲಾಬಿ, ನಡುನಡುವೆ ನಿಂಬೆಯ ಒಣಗಡ್ಡಿ. ಮುಳ್ಳು ಒಳಗೆ ಬಂದದ್ದು ಮೂರು ಸಲ. ಎರಡು ಸಲ ಹೊಲಿಗೆಯ ಮೂಲಕ, ಒಂದು ಸಲ ಬೋಗನ್‌ವಿಲ್ಲಾದ ಹಳೇ ಕೊಂಬೆಯ ಒಣಮುಳ್ಳು ನೇರವಾಗಿ. ಮೂರೂ ಸಲ ತುದಿ ತಾಗಿ ಚುರುಕ್ ಅಂದಿತು, ಒಳಗೆ ಇಳಿಯಲಿಲ್ಲ. ಸೆಕೇಟರಿನ ಕೊಂಡಿ ಬಿಚ್ಚಲು ಗ್ಲೌಸ್ ತೆಗೆಯಬೇಕಾಗಿಲ್ಲ. ಗುಲಾಬಿಯ ಸಣ್ಣ ಮೊಗ್ಗಿನ ಕಣ್ಣು ಎಲ್ಲಿದೆ ಅಂತ ಮುಟ್ಟಿ ತಿಳಿಯುವಷ್ಟು ನಯ ಇಲ್ಲ, ಕಣ್ಣಲ್ಲೇ ನೋಡಿ ಕತ್ತರಿಸಬೇಕು. ಏಪ್ರಿಲ್ ಬಿಸಿಲಿಗೆ ಮಾತ್ರ ತುಂಬ ಸೆಕೆ, ಬೆಳಿಗ್ಗೆ ಒಂಬತ್ತರ ಒಳಗೆ ಕೆಲಸ ಮುಗಿಸುತ್ತೇನೆ. ಕಫ್ ಮೊಣಕೈಗೆ ಇನ್ನೂ ನಾಲ್ಕು ಬೆರಳು ಇರುವಾಗಲೇ ಮುಗಿಯುತ್ತದೆ. ಬೋಗನ್‌ವಿಲ್ಲಾದ ಒಳಗೆ ತೋಳು ಪೂರ್ತಿ ಹಾಕಬೇಕಾದಾಗ ಅದು ಸಾಲದು. ಅದೇ ಅಂಗಡಿಯಲ್ಲಿ ವೆಲ್ಡಿಂಗ್ ಮಾಡುವವರ ಚರ್ಮದ ತೋಳುಗವಸು ಸಿಗುತ್ತದೆ, ಸ್ಲೀವ್ ಅನ್ನುತ್ತಾರೆ, 160 ರೂಪಾಯಿ. ಅದನ್ನು ಗ್ಲೌಸಿನ ಮೇಲೆ ಬರುವಂತೆ ಹಾಕಿಕೊಂಡರೆ ಭುಜದ ಹತ್ತಿರದವರೆಗೆ ನಿಶ್ಚಿಂತೆ. ಹಳೇ ಜೀನ್ಸ್ ಕಾಲು ಕತ್ತರಿಸಿ ಎರಡೂ ಕಡೆ ಎಲಾಸ್ಟಿಕ್ ಹಾಕಿ ಹೊಲಿದುಕೊಂಡರೂ ಗುಲಾಬಿಯ ಗೀರು ತಡೆಯುತ್ತದೆ. ಬೋಗನ್‌ವಿಲ್ಲಾ ಗೀರಿದ ಕಡೆ ಕೆಲವರಿಗೆ ದದ್ದು ಏಳುತ್ತದೆ, ಅಂಥವರು ತೋಳು ಮುಚ್ಚುವುದನ್ನು ಮರೆಯಬೇಡಿ.

ಮೂರನೇ ಜೊತೆ, ಅಂದರೆ ಬೂದು ವೆಲ್ಡಿಂಗ್ ಗ್ಲೌಸ್, ಕತ್ತರಿಸಲು ಬರುವುದಿಲ್ಲ. ಬೆರಳು ಮಡಚುವುದೇ ಕಷ್ಟ. ಆದರೆ ಕತ್ತರಿಸಿದ್ದನ್ನು ಎಳೆದು, ಮುರಿದು, ಕಟ್ಟು ಕಟ್ಟಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಮುಳ್ಳು ಜಾಸ್ತಿ ಚುಚ್ಚುವುದು ಕತ್ತರಿಸುವಾಗ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ನನಗೆ ಜಾಸ್ತಿ ಚುಚ್ಚಿರುವುದು ಕೆಳಗೆ ಬಿದ್ದ ರಾಶಿಯನ್ನು ಬಾಚುವಾಗ. ಆ ಹೊತ್ತಿಗೆ ದಣಿದಿರುತ್ತೇವೆ, ಬೇಗ ಮುಗಿಸಬೇಕು ಅನ್ನಿಸಿರುತ್ತದೆ. ಕಸದ ಗಾಡಿಗೆ ಕೊಡುವಾಗ ಉದ್ದ ಕೊಂಬೆಗಳನ್ನು ಹಾಗೇ ಕೊಡಬೇಡಿ, ಒಂದು ಅಡಿಗೆ ತುಂಡು ಮಾಡಿ ಗೊಬ್ಬರದ ಹಳೇ ಚೀಲದಲ್ಲಿ ತುಂಬಿ ಬಾಯಿ ಕಟ್ಟಿ, ಒಳಗೆ ಮುಳ್ಳಿದೆ ಅಂತ ಬಾಯಲ್ಲೂ ಹೇಳಿ. ಅದನ್ನು ಎತ್ತುವವರದ್ದೂ ಕೈಯೇ.

ನಾಲ್ಕನೆಯದು ನಾನು ಕೊಂಡದ್ದಲ್ಲ. ಇಂಗ್ಲೆಂಡಿನಲ್ಲಿರುವ ನಾದಿನಿ ನನ್ನ ಬೆರಳಿನ ಕಥೆ ಕೇಳಿ ತಂದುಕೊಟ್ಟಳು. ಗುಲಾಬಿಗೇ ಅಂತ ಮಾಡಿದ್ದು, ಮೇಕೆ ಚರ್ಮ, ಮೊಣಕೈವರೆಗೆ ಕಫ್, ಸೈಜ್ 7. ರೂಪಾಯಿಯಲ್ಲಿ ಲೆಕ್ಕ ಹಾಕಿದರೆ 2,500ರ ಹತ್ತಿರ. ಹೊಲಿಗೆ ತುಂಬ ಅಚ್ಚುಕಟ್ಟು, ಬೆರಳ ತುದಿಗೆ ಇನ್ನೊಂದು ಪದರ ಇದೆ. ಗುಲಾಬಿ ಸವರುವಾಗ ಅದನ್ನೇ ಹಾಕಿಕೊಳ್ಳುತ್ತೇನೆ, ಅಷ್ಟು ಹಿತ. ಆದರೆ ಅವರು ಅಲ್ಲಿ ಗುಲಾಬಿ ಸವರುವುದು ಚಳಿಗಾಲದ ಕೊನೆಗೆ, ಕೈ ಬೆಚ್ಚಗಿದ್ದರೆ ಅವರಿಗೆ ಒಳ್ಳೆಯದೇ. ನಮ್ಮ ಕಡೆ ಉದ್ದ ಕಫ್ ಒಳಗೆ ಮುಂಗೈ ಬೇಯುತ್ತದೆ. ಬೋಗನ್‌ವಿಲ್ಲಾದ ವಿಷಯದಲ್ಲಿ ನನ್ನ 280 ರೂಪಾಯಿಯ ಗ್ಲೌಸಿಗೂ ಅದಕ್ಕೂ ಒಂಬತ್ತು ಪಟ್ಟು ವ್ಯತ್ಯಾಸ ಖಂಡಿತ ಇಲ್ಲ. ಗುಲಾಬಿ ನೂರಾರು ಇರುವವರು, ವಾರಕ್ಕೆ ನಾಲ್ಕು ದಿನ ಇದೇ ಕೆಲಸ ಇರುವವರು ಕೊಳ್ಳಲಿ. ನನ್ನಂತೆ ತಿಂಗಳಿಗೆ ಎರಡು ಬೆಳಿಗ್ಗೆ ಕತ್ತರಿ ಹಿಡಿಯುವವರಿಗೆ ಬೇಕಾಗಿಲ್ಲ.

ಚರ್ಮದ ಗ್ಲೌಸ್ ಒದ್ದೆಯಾದರೆ ಬಿಸಿಲಿಗೆ ಇಡಬೇಡಿ. ನಾನು ವೆಲ್ಡಿಂಗ್ ಜೊತೆಯನ್ನು ಮಳೆಯಲ್ಲಿ ನೆನೆಸಿ ಮಹಡಿ ಮೇಲೆ ಒಣಗಿಸಿದೆ, ಹಪ್ಪಳದಂತಾಯಿತು. ನೆರಳಲ್ಲಿ, ಗಾಳಿಯಲ್ಲಿ, ಬೆರಳು ಕೆಳಗೆ ಮಾಡಿ ತೂಗುಹಾಕಿ. ಪೂರ್ತಿ ಒಣಗುವ ಮುಂಚೆ ಒಮ್ಮೆ ಹಾಕಿಕೊಂಡು ಬೆರಳು ಮಡಚಿ ಬಿಡಿಸಿ. ಬಣ್ಣ ಇಲ್ಲದ ಶೂ ವ್ಯಾಕ್ಸ್ ಎರಡು ಮೂರು ತಿಂಗಳಿಗೊಮ್ಮೆ ತೆಳುವಾಗಿ ಹಚ್ಚುತ್ತೇನೆ. ಹಾಕಿಕೊಳ್ಳುವ ಮುಂಚೆ ಹೊರಗಿನಿಂದ ಬೆರಳಾಡಿಸಿ, ಮುರಿದ ಮುಳ್ಳಿನ ತುದಿ ಚರ್ಮದಲ್ಲೇ ಸಿಕ್ಕಿಕೊಂಡಿರುತ್ತದೆ. ಮಳೆಗಾಲದಲ್ಲಿ ಒಳಗೆ ಏನಾದರೂ ಹೊಕ್ಕಿರಬಹುದು, ಒಮ್ಮೆ ಕೊಡವಿ.

ಎರಡು ಗಿಡಕ್ಕೆ ಮಾತ್ರ ಈ ಗ್ಲೌಸ್ ಹಾಕಬೇಡಿ. ಪಾಪಾಸುಕಳ್ಳಿ ಜಾತಿಯವಕ್ಕೆ ದೊಡ್ಡ ಮುಳ್ಳಿನ ಬುಡದಲ್ಲಿ ಕೂದಲಿನಂಥ ಸಣ್ಣ ಮುಳ್ಳು ಗುಂಪಾಗಿ ಇರುತ್ತವೆ, ಅವು ಚರ್ಮಕ್ಕೆ ಹತ್ತಿಕೊಂಡರೆ ಬಿಡುವುದಿಲ್ಲ, ಮುಂದಿನ ಸಲ ಅದೇ ಗ್ಲೌಸಿನಲ್ಲಿ ಮುಖ ಒರೆಸಿಕೊಂಡರೆ ಕಥೆ ಮುಗಿಯಿತು. ಅದಕ್ಕೆ ಅಡುಗೆ ಮನೆಯ ಇಕ್ಕಳ, ಮಡಚಿದ ಪೇಪರ್ ಸಾಕು. ಇನ್ನೊಂದು, ಕುಂಡಗಳಲ್ಲಿ ಬೆಳೆಸುತ್ತಾರಲ್ಲ, ಮೈತುಂಬ ಮುಳ್ಳು, ಚಿಕ್ಕ ಕೆಂಪು ಹೂ, ಯೂಫೋರ್ಬಿಯಾ ಮಿಲಿ. ಕತ್ತರಿಸಿದರೆ ಹಾಲು ಬರುತ್ತದೆ, ಆ ಹಾಲು ಮೈಗೆ ಉರಿ, ಕಣ್ಣಿಗೆ ಬಿದ್ದರೆ ತುಂಬ ಅಪಾಯ. ಚರ್ಮದ ಗ್ಲೌಸ್ ಹಾಲನ್ನು ಹೀರಿ ಇಟ್ಟುಕೊಳ್ಳುತ್ತದೆ. ಅದಕ್ಕೆ ನೈಟ್ರೈಲ್ ಅನ್ನುವ ಕೃತಕ ರಬ್ಬರಿನಲ್ಲಿ ಪೂರ್ತಿ ಅದ್ದಿದ ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಹಾಕಿ, ಕೆಲಸ ಆದ ಮೇಲೆ ಸೋಪಿನಲ್ಲಿ ತೊಳೆಯಿರಿ.

ಎಡಗೈಗೂ ಬಲಗೈಗೂ ಒಂದೇ ಥರದ ಗ್ಲೌಸ್ ಬೇಕಿಲ್ಲ ಅಂತ ಹೇಳಿದ್ದು ನಮ್ಮ ಮನೆಗೆ ತೋಟದ ಕೆಲಸಕ್ಕೆ ಬರುವ ಅಣ್ಣ. ದೊಡ್ಡಬಳ್ಳಾಪುರದ ಕಡೆ ಗುಲಾಬಿಯ ಪಾಲಿಹೌಸಿನಲ್ಲಿ ಎಂಟು ವರ್ಷ ದುಡಿದವರು. ಬೇರೆಯವರ ಮನೆಯಲ್ಲಿ ಈಗಲೂ ಬರಿಗೈಯಲ್ಲೇ ಬೋಗನ್‌ವಿಲ್ಲಾ ಎಳೆಯುತ್ತಾರೆ, ಯಾರೂ ಗ್ಲೌಸ್ ಕೊಡುವುದಿಲ್ಲ. ನನ್ನ ಗ್ಲೌಸ್ ನೋಡಿ, "ಅಕ್ಕಾ, ನಿಮ್ದು ಎಡಗೈದು ಮಾತ್ರ ಸವೆದದೆ ನೋಡಿ. ಕಡ್ಡಿ ಹಿಡ್ಕೊಳೋದು ಎಡಗೈಯಲ್ಲಿ. ಬಲಗೈಗೆ ಇಷ್ಟು ದಪ್ಪ ಯಾಕೆ?" ಅಂದರು. ಸರಿ ಅನ್ನಿಸಿತು. ಅವತ್ತಿನಿಂದ ಎಡಗೈಗೆ ಆರ್ಗಾನ್, ಬಲಗೈಗೆ ತೆಳು ನೈಟ್ರೈಲ್ ಅದ್ದಿದ್ದು ಹಾಕಿ ಗುಲಾಬಿ ಕತ್ತರಿಸಿ ನೋಡಿದೆ. ಕತ್ತರಿಯ ಹಿಡಿತ ಎಷ್ಟೋ ಚೆನ್ನಾಯಿತು, ಬಲಗೈ ಬೆವರುವುದೂ ತಪ್ಪಿತು. ಬೋಗನ್‌ವಿಲ್ಲಾಕ್ಕೆ ಮಾತ್ರ ಎರಡೂ ಕೈಗೆ ಚರ್ಮವೇ ಇರಲಿ, ಆ ಕೊಂಬೆಗಳು ಎಲ್ಲ ಕಡೆಯಿಂದ ಬರುತ್ತವೆ. ಎಡಗೈಯಲ್ಲಿ ಕತ್ತರಿ ಹಿಡಿಯುವವರು ಇದನ್ನು ತಿರುವಿ ಓದಿಕೊಳ್ಳಿ.

ಐದನೇ ಜೊತೆ ಆ ಅಣ್ಣನಿಗೆ ತಂದದ್ದು. ಅದೇ ಅಂಗಡಿ, ಅದೇ ಆರ್ಗಾನ್, ಸೈಜ್ 9, ಟೇಪಿನಲ್ಲಿ ಅವರ ಕೈ ಅಳೆದುಕೊಂಡೇ ಹೋದೆ. ಮೊದಲ ದಿನ ರೂಢಿ ಇಲ್ಲ ಅಂತ ಎರಡು ಸಲ ತೆಗೆದಿಟ್ಟರು. ಮೂರನೇ ವಾರಕ್ಕೆ ಬೇರೆ ಮನೆಗಳಿಗೂ ಅದನ್ನೇ ಒಯ್ಯುತ್ತಿದ್ದರು. ನಿಮ್ಮ ಗಿಡ ಬೇರೆಯವರು ಸವರುತ್ತಿದ್ದರೆ ಅವರ ಕೈ ಅಳತೆ ಕೇಳಿ ಒಂದು ಜೊತೆ ತಂದಿಡಿ. ಒಂದು ದಿನದ ಕೂಲಿಗಿಂತ ಕಡಿಮೆ ದುಡ್ಡು ಅದು.

ಹೋಗುವವರಿಗೆ: ಹಸಿರು ಮಾರ್ಗದ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ನಿಲ್ದಾಣಕ್ಕೆ ಇಳಿದು ನಡೆದರೆ ಸಾಕು, ಗಾಡಿ ನಿಲ್ಲಿಸಲು ಅಲ್ಲಿ ಜಾಗ ಸಿಗುವುದಿಲ್ಲ. ನಾನು ಹೋದ ಅಂಗಡಿಗೆ ಭಾನುವಾರ ರಜೆ. ನಿಮ್ಮ ಗಿಡದ ಮುಳ್ಳು ಎರಡು ಮೂರು ಪೇಪರಿನಲ್ಲಿ ಸುತ್ತಿ ತಗೊಂಡು ಹೋಗಿ, ಸ್ಯಾಂಪಲ್ ಮೇಲೆ ಚುಚ್ಚಿ ನೋಡಲು ಬಿಡುವ ಅಂಗಡಿಯಲ್ಲೇ ಕೊಳ್ಳಿ. ಸೈಜ್ 7 ಇರುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ನನಗೂ ತಿಳಿಸಿ, ನನ್ನ ಎಡಗೈದು ಹೆಬ್ಬೆರಳ ಬುಡದಲ್ಲಿ ತೆಳ್ಳಗಾಗಿದೆ, ಮುಂದಿನ ಜೂನ್‌ವರೆಗೆ ಬರುವುದಿಲ್ಲ.